ಬಾಣಂತಿ ಕೋಣೆಯ ಬಾಗಿಲು

ನನ್ನ ಮೊಮ್ಮಗಳು ಸಹನಾ ಚೊಚ್ಚಲ ಬಸುರಿ. ಏಳು ತುಂಬಿದ ಮೇಲೆ ಹೆರಿಗೆಗೆಂದು ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದಾಳೆ. ಬರುವಾಗ ಎರಡು ಸೂಟ್‌ಕೇಸ್ ಬಟ್ಟೆ, ಒಂದು ಚೀಲ ಪುಸ್ತಕ ತಂದಳು. ಪುಸ್ತಕಗಳೆಲ್ಲ ಒಂದೇ ವಿಷಯದವು, ತಾಯಿಯಾಗುವುದು ಹೇಗೆ, ತಂದೆಯಾಗುವುದು ಹೇಗೆ ಅಂತ. ಅವಳ ಗಂಡ ಚೇತನ್ ಸತ್ಯಮಂಗಲದಲ್ಲಿ ಒಂದು ಸಣ್ಣ ಫ್ಯಾಕ್ಟರಿಯ ಸೂಪರ್‌ವೈಸರ್. ಭಾನುವಾರ ಬಂದವನು ಪೆನ್ಸಿಲ್ ಹಿಡಿದು, ಗೆರೆ ಎಳೆದುಕೊಂಡು, ನಾಳೆ ಪರೀಕ್ಷೆ ಇದೆಯೇನೋ ಅನ್ನುವ ಹಾಗೆ ಅವನ್ನು ಓದುತ್ತಾನೆ. ನನಗೆ ನಗು ಬರುತ್ತದೆ, ಆದರೆ ನಗುವುದಿಲ್ಲ. ನಮ್ಮ ಕಾಲದ ಗಂಡಸರು ಮಗುವಿನ ಕತ್ತು ನಿಲ್ಲುವ ತನಕ ಅದನ್ನು ಎತ್ತಿಕೊಂಡವರಲ್ಲ.

ಒಂದು ಮಧ್ಯಾಹ್ನ ಸಹನಾ ಅದರಲ್ಲಿ ಒಂದು ಪುಸ್ತಕ ನನಗೆ ಓದಿ ಹೇಳುತ್ತಿದ್ದಳು. ಬರೆದವಳು ಯಾರೋ ಹೆಂಗಸು. ಹೆರಿಗೆಯಾಗಿ ಮಗುವನ್ನು ಕೈಗೆ ಕೊಟ್ಟಾಗ ಅವಳಿಗೆ ಏನೂ ಅನ್ನಿಸಲಿಲ್ಲವಂತೆ. ಎರಡು ತಿಂಗಳ ತನಕ ಬೇರೆಯವರ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನಿಸಿತಂತೆ. ಸಹನಾ ಅಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿದಳು.

“ಅಜ್ಜಿ, ಹಿಂಗೂ ಆಗುತ್ತಾ?”

ನನ್ನ ಸೊಸೆ ಪ್ರೇಮಾ, ಅಂದರೆ ಸಹನಾಳ ಅಮ್ಮ, ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು.

“ಅಂಥದ್ದೆಲ್ಲ ಓದ್ಬೇಡ ಅಂತ ಹೇಳಿಲ್ವಾ ನಿಂಗೆ? ಹೆತ್ತ ತಾಯಿಗೆ ಹಂಗೆಲ್ಲ ಅನ್ಸಲ್ಲ.”

“ಅನ್ಸುತ್ತೆ,” ಅಂದೆ ನಾನು.

“ಅತ್ತೆ, ಅವಳ ಮುಂದೆ ಇಂಥದ್ದು ಹೇಳ್ತೀರಲ್ಲ.”

“ಅವಳ ಮುಂದೆ ಅಲ್ದೆ ಇನ್ಯಾರ ಮುಂದೆ ಹೇಳ್ಲಿ? ನಿಂದು ಮುಗೀತು, ನಂದೂ ಮುಗೀತು. ಹೆರೋಳು ಅವಳು.”

ಪ್ರೇಮಾ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಸಹನಾ ಬಿಡಲಿಲ್ಲ, ನಿನಗೆ ಹೇಗೆ ಗೊತ್ತು ಅಂತ ಹಿಡಿದಳು. ಅರ್ಧ ಹೇಳಿದೆ. ಇದನ್ನು ಬರಿ ಅಂದಳು. ನಾನು ನನ್ನ ಸಂಗತಿಗಳನ್ನು ಬರೆಯುತ್ತಿರುವ ಈ ನೋಟ್‌ಬುಕ್ ಅವಳೇ ಕೊಟ್ಟದ್ದು, ಆದ್ದರಿಂದ ಇಲ್ಲ ಅನ್ನಲಿಲ್ಲ. ಈ ಭಾಗ ನಮ್ಮ ಗೌರತ್ತೆಯದು, ನನ್ನ ಅಪ್ಪನ ತಂಗಿಯದು. ಅವಳ ಬಾಣಂತನ ನಡೆದ ನಮ್ಮ ಮನೆಯದು. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ.

ನಮ್ಮ ಮನೆ ಗುಬ್ಬಿಯಿಂದ ಎರಡು ಗಂಟೆ ನಡೆದರೆ ಸಿಗುವ ಊರಲ್ಲಿತ್ತು. ನಾಡಹೆಂಚಿನ ಮನೆ. ಮುಂದೆ ಜಗುಲಿ, ಒಳಗೆ ಕಾಲಿಟ್ಟರೆ ಎಡಗಡೆ ದನದ ಕೊಟ್ಟಿಗೆ, ಬಲಗಡೆ ನಡುಮನೆ, ನಡುಮನೆಯ ತುದಿಗೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಬಚ್ಚಲು. ಮನುಷ್ಯರು, ದನ ಎಲ್ಲ ಒಂದೇ ಬಾಗಿಲಲ್ಲಿ ಒಳಗೆ ಬರುತ್ತಿದ್ದೆವು. ತುದಿಯ ಆ ಕೋಣೆಗೆ ಕಿಟಕಿ ಇರಲಿಲ್ಲ, ಗೋಡೆಯ ಮೇಲ್ಭಾಗದಲ್ಲಿ ಅಂಗೈಯಗಲದ ಒಂದು ಗೂಡು ಇತ್ತು ಅಷ್ಟೆ. ರಾಗಿ ತುಂಬಿದ ಮಣ್ಣಿನ ವಾಡೆಗಳು ಅಲ್ಲೇ ಇದ್ದವು. ಅದರ ಮೇಲೆ ಅಟ್ಟ. ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ. ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಸುಮಾರು ವರ್ಷದ ತನಕ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ತಾನಾಗಿ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು, ಆಮೇಲೇ ಸುಲಿಯುವುದು. ಮನೆಯಲ್ಲಿ ಯಾರು ಹೆತ್ತರೂ ಬಾಣಂತಿಯನ್ನು ಮಲಗಿಸುತ್ತಿದ್ದದ್ದು ಆ ಅಟ್ಟದ ಕೆಳಗೆ. ಗಾಳಿ ಬರುವುದಿಲ್ಲ, ಬೆಚ್ಚಗಿರುತ್ತದೆ ಅನ್ನುವುದು ಕಾರಣ. ಬೆಚ್ಚಗಿರುತ್ತಿತ್ತು ಅನ್ನುವುದು ಸುಳ್ಳಲ್ಲ. ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲದಲ್ಲಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಮುಕ್ಕಾಲು ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದರೆ ಯಾರಿಗಾದರೂ ಬೆಚ್ಚಗೇ ಇರುತ್ತದೆ.

ಗೌರತ್ತೆಯನ್ನು ಕುಣಿಗಲ್‌ಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ಬಂದಳು. ಆಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಬಂದಾಗ ಚೆನ್ನಾಗಿದ್ದಳು, ತುಂಬ ಮಾತಾಡುತ್ತಿದ್ದಳು, ನನಗೆ ಜಡೆ ಹಾಕುತ್ತಾ ಕುಣಿಗಲ್ ಕೆರೆಯ ಏರಿಯ ಮೇಲೆ ನಡೆಯುವ ಹೆಂಗಸರ ನಡಿಗೆ ತೋರಿಸಿ ನಗಿಸುತ್ತಿದ್ದಳು. ಎರಡು ದಿನ ನೋವು ತಿಂದು ಗಂಡುಮಗು ಹೆತ್ತಳು. ಹೆತ್ತ ದಿನವೇ ನಮ್ಮಜ್ಜಿ, ಅಂದರೆ ಗೌರತ್ತೆಯ ಹೆತ್ತ ತಾಯಿ, ಆ ಕೋಣೆಯ ಬಾಗಿಲಲ್ಲಿ ಒಂದು ಚಾಪೆ ಹಾಸಿ ನನ್ನನ್ನು ಕೂರಿಸಿದಳು. ನನಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಕೈ ಖಾಲಿ ಇದ್ದವಳು ನಾನೊಬ್ಬಳೇ. ಅಪ್ಪ ತೋಟದಲ್ಲಿ, ಅಜ್ಜಿ ಹೊಲದಲ್ಲಿ, ಅವ್ವ ಒಲೆ ಮುಂದೆ ಮತ್ತು ಕೊಟ್ಟಿಗೆಯಲ್ಲಿ. ಹಾಗೆ ಸ್ಕೂಲು ಬಿಟ್ಟವಳು ಪರೀಕ್ಷೆಗೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಅದನ್ನು ಯಾರೂ ತೀರ್ಮಾನ ಮಾಡಿ ನಿಲ್ಲಿಸಿದ್ದಲ್ಲ. ಮತ್ತೆ ಕಳಿಸುವುದು ಯಾರಿಗೂ ನೆನಪಾಗಲಿಲ್ಲ.

“ಶಿವಿ, ಇಲ್ಲಿ ಕೂತ್ಕೊ. ಅತ್ತೆ ಏನ್ ಕೇಳಿದ್ರೂ ಎದ್ದು ಕೊಡು. ನೀರು ಮಾತ್ರ ಕೊಡಬ್ಯಾಡ,” ಅಂದಳು ಅಜ್ಜಿ.

“ಯಾಕಜ್ಜಿ?”

“ಹಸಿ ಮೈ ಕಣೆ. ನೀರು ಕುಡುದ್ರೆ ಹೊಟ್ಟೆ ಊದ್ಕೊಳ್ತದೆ, ಮಗೀಗೆ ಶೀತ ಆಯ್ತದೆ. ಊಟದ ಜೊತೆ ನಾನೇ ಓಮದ ನೀರು ಕೊಡ್ತೀನಿ, ಅರ್ಧ ಲೋಟ. ಅಷ್ಟೆ.”

“ಕದ್ದು ಕುಡುದ್ರೆ?”

“ಅದಕ್ಕೇ ತಾನೆ ನಿನ್ನ ಕೂರ್ಸಿರೋದು.”

ನನಗೆ ಹೆಮ್ಮೆಯಾಯಿತು. ಅಲ್ಲಿಯ ತನಕ ನನಗೆ ಯಾರೂ ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಕೋಳಿ ಓಡಿಸು, ಸಗಣಿ ಎತ್ತು, ಇಂಥದ್ದೇ. ಈಗ ಒಂದು ಕೋಣೆ ನನ್ನ ಕೈಯಲ್ಲಿತ್ತು. ಬೆಳಗಿನಿಂದ ಸಂಜೆಯವರೆಗೆ ಕೂತೆ. ಬಯಲಿಗೆ ಹೋಗಬೇಕಾದರೆ ಬಾಗಿಲು ಎಳೆದು ಓಡಿ ಹೋಗಿ ಓಡಿ ಬರುತ್ತಿದ್ದೆ. ಗೌರತ್ತೆಗೆ ಕೊಡುತ್ತಿದ್ದ ಊಟವೆಂದರೆ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ, ಮೆಣಸಿನ ಖಾರ. ಎಲ್ಲ ಉಷ್ಣದ್ದು, ಎಲ್ಲ ಒಣಕಲು. ತಿಂದವಳ ಬಾಯಿ ಉರಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮೊದಲ ಎರಡು ದಿನ ನಗುತ್ತಾ ಕೇಳಿದಳು, ಒಂದು ಗುಟುಕು ಕೊಡೇ ನನ್ನ ಬಂಗಾರಿ ಅಂತ. ಮೂರನೇ ದಿನ ನಗಲಿಲ್ಲ. ಮಲಗಿಕೊಂಡು ಅಟ್ಟದ ಹಲಗೆ ನೋಡುತ್ತಿದ್ದಳು.

“ಎಷ್ಟ್ ಕಾಯಿ ಐತೆ ಅಲ್ವಾ ಶಿವಿ ಮೇಲೆ.”

“ಮೂರು ಸಾವಿರ ಅಂತ ಅಪ್ಪ ಅಂದ್ರು.”

“ಎಲ್ಲದ್ರಲ್ಲೂ ನೀರೈತೆ.”

ಆ ಕಾಯಿ ಮುಟ್ಟುವ ಹಾಗಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಐದನೆಯ ದಿನವೋ ಆರನೆಯ ದಿನವೋ, ಸೂಲಗಿತ್ತಿ ತಿಮ್ಮಕ್ಕ ಮಗುವಿಗೆ ನೀರು ಹಾಕಿ ಹೋದಳು. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುವುದು. ಎರೆದು ಉಳಿದ ನೀರು ಒಂದು ತಾಮ್ರದ ಚೆಂಬಿನಲ್ಲಿ ಮೂಲೆಯಲ್ಲೇ ಇತ್ತು. ಗೌರತ್ತೆ ಗೋಡೆ ಹಿಡಿದುಕೊಂಡು ಎದ್ದಳು. ಮಗುವಿನ ಬಟ್ಟೆ ಸರಿಮಾಡುವುದಕ್ಕೆ ಅಂದುಕೊಂಡೆ. ಅವಳು ನನಗೆ ಬೆನ್ನು ಮಾಡಿ ಆ ಚೆಂಬು ಎತ್ತಿ ಕುಡಿದಳು. ಗಂಟಲ ಸದ್ದು ನನಗೆ ಕೇಳಿಸಿತು. ಚೆಂಬು ಇಟ್ಟು ತಿರುಗಿದಾಗ ನಾನು ನೋಡುತ್ತಿದ್ದೆ. ಅವಳು ಬೆರಳನ್ನು ತುಟಿಗೆ ಇಟ್ಟುಕೊಂಡಳು ಅಷ್ಟೆ.

ಸಂಜೆ ಅಜ್ಜಿ ಹೊಲದಿಂದ ಬಂದು ಜಗುಲಿಯಲ್ಲಿ ಕೂತಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಮಗು ನೋಡಿಕೊಂಡು ಹೋಗಲು ಬಂದಿದ್ದರು. ದಿನಾ ಕೇಳುವ ಹಾಗೆ ಕೇಳಿದಳು.

“ಏನ್ಲೇ ಶಿವಿ, ಎಲ್ಲಾ ಸರಿಯಾಗಿತ್ತಾ?”

“ಅತ್ತೆ ನೀರು ಕುಡುದ್ಲು ಅಜ್ಜಿ. ಮಗೀಗೆ ಎರೆದ ಚೆಂಬಲ್ಲಿ. ಪೂರ್ತಿ ಕುಡುದ್ಲು.”

ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು, ಕಾಲ ಕೆಟ್ಟೋಯ್ತು ಬುಡು ಅಂದಳು. ಇನ್ನೊಬ್ಬಳು, ಎಳೇ ಮೈ ಏನಾದ್ರೂ ಆದ್ರೆ ಕುಣಿಗಲ್‌ನೋರಿಗೆ ಏನ್ ಹೇಳ್ತೀಯಕ್ಕ ಅಂದಳು. ಅಜ್ಜಿ ಎದ್ದು ಒಳಗೆ ಹೋಗಿ ಗೌರತ್ತೆಯನ್ನು ಬೈದ ಬೈಗುಳ ಕೊಟ್ಟಿಗೆಯ ತನಕ ಕೇಳಿಸಿತು. ಆವತ್ತಿನಿಂದ ಮಗುವಿಗೆ ಎರೆಯುವುದು ಬಚ್ಚಲಿಗೆ ಹೋಯಿತು. ಕೋಣೆಯಲ್ಲಿ ಒಂದು ಖಾಲಿ ಲೋಟವೂ ಉಳಿಯಲಿಲ್ಲ. ಊಟದ ಜೊತೆಯ ಅರ್ಧ ಲೋಟ ಕಾಲು ಲೋಟವಾಯಿತು, ಕುಡಿದ ನೀರಿನ ಶೀತ ಎಳೆಯಲಿ ಅಂತ ಕಹಿ ಕಷಾಯ ಶುರುವಾಯಿತು. ಮಾರನೆಯ ದಿನ ನಾನು ಚಾಪೆಯ ಮೇಲೆ ಕೂತಾಗ ಗೌರತ್ತೆ ನನ್ನ ಮುಖ ನೋಡದೆ ಒಂದೇ ಮಾತು ಆಡಿದಳು.

“ಹೇಳ್ಬುಟ್ಯಲ್ಲೇ.”

ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು. ನಾನು ಸರಿಯಾದದ್ದನ್ನೇ ಮಾಡಿದ್ದೆ ಅಂತ ನನಗೆ ಪೂರಾ ನಂಬಿಕೆ ಇತ್ತು. ಅವಳೇ ತಪ್ಪು ಮಾಡಿ ನನ್ನ ಮೇಲೆ ಮುನಿಸಿಕೊಳ್ಳುತ್ತಾಳಲ್ಲ ಅಂತ ನನಗೂ ಸಿಟ್ಟಿತ್ತು.

ಹಾಲು ಮೊದಲೇ ಕಡಿಮೆ. ಮೊದಲ ಮೂರು ದಿನದ ಹಳದಿ ಹಾಲನ್ನು ಕೆಟ್ಟದ್ದು ಅಂತ ತಿಮ್ಮಕ್ಕ ಹಿಂಡಿ ಬೂದಿಗೆ ಚೆಲ್ಲಿದ್ದಳು. ಈಗ ಇದ್ದದ್ದೂ ನಿಂತ ಹಾಗಾಯಿತು. ಮಗು ಚೀಪುವುದು, ಬಿಡುವುದು, ಅರಚುವುದು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ, ಅಂದರೆ ಮೂತಿ ಇರುವ ಸಣ್ಣ ಬಟ್ಟಲಲ್ಲಿ ಹಾಕಿದರು. ಅದು ಮಗುವಿಗೆ ಆಗಿಬರಲಿಲ್ಲ, ಭೇದಿ ಹಿಡಿಯಿತು. ಎರಡು ವಾರ ತುಂಬುವ ಹೊತ್ತಿಗೆ ಮಗು ಅರಚುವುದನ್ನು ನಿಲ್ಲಿಸಿತು. ಅರಚುವುದಕ್ಕಿಂತ ಅದೇ ಭಯ. ಕುರಿಮರಿ ಹಾಗೆ ಸಣ್ಣಗೆ ಅಂತಿತ್ತು, ನಿದ್ದೆ ಹೋಗುತ್ತಿತ್ತು. ನೆತ್ತಿ ಕುಳಿಬಿದ್ದಿತ್ತು. ಅವ್ವ ಅದರ ಮೇಲೆ ಎರಡು ಬೆರಳಿಟ್ಟು ನೋಡಿ ಕೈ ತೆಗೆದದ್ದು ನೆನಪಿದೆ. ಊರಿನ ಅಯ್ಯನವರು ಬಂದು ವಿಭೂತಿ ಮಂತ್ರಿಸಿ ತಾಯಿಗೂ ಮಗುವಿಗೂ ಹಚ್ಚಿದರು. ಬಂದ ಹೆಂಗಸರು ಗಾಳಿ ಅಂದರು, ದೃಷ್ಟಿ ಅಂದರು. ಅಜ್ಜಿ ಮಾತ್ರ ಬೇರೆ ಹೇಳಿದಳು.

“ಗಾಳಿನೂ ಇಲ್ಲ ಮಣ್ಣೂ ಇಲ್ಲ. ಇವಳಿಗೆ ಮಗೀನ ಮೇಲೆ ಮನಸಿಲ್ಲ. ಮನಸಿದ್ರೆ ಹಾಲು ತಾನಾಗೇ ಇಳೀತದೆ.”

ಮನಸ್ಸಿಲ್ಲ ಅನ್ನುವುದು ನಿಜವೇ ಆಗಿತ್ತು. ಅದನ್ನು ನಾನು ಕಿವಿಯಾರೆ ಕೇಳಿದೆ. ಒಂದು ಮಧ್ಯಾಹ್ನ ಮಗು ಮಗ್ಗುಲಲ್ಲಿ ಮುಲುಗುತ್ತಿತ್ತು. ಗೌರತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಅತ್ತೆ, ಮಗು ಅಳ್ತದೆ ಅಂದೆ. ಅವಳು ಎಷ್ಟೋ ದಿನದ ಮೇಲೆ ನನ್ನ ಜೊತೆ ಮಾತಾಡಿದಳು.

“ತಗೊಂಡೋಗು ಅದ್ನ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ನಂಗೆ ಬ್ಯಾಡ. ಅದು ಹುಟ್ಟದೆ ಇದ್ದಿದ್ರೆ ನಾನು ಇಷ್ಟೊತ್ಗೆ ಕುಣಿಗಲ್‌ನಲ್ಲಿ ಬಾವಿಕಟ್ಟೆ ಮೇಲೆ ನೀರು ಕುಡೀತಾ ಇರ್ತಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಹಸಿದವಳು ಅನ್ನ ಕೇಳುವ ಹಾಗೆ ಹೇಳಿದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ನಾಲಿಗೆ ಬೆಳ್ಳಗಾಗಿತ್ತು. ನಾನು ಮಗುವನ್ನು ಎತ್ತಿಕೊಂಡೆ. ಎತ್ತಿದರೆ ಬಟ್ಟೆಯ ಭಾರ ಬಿಟ್ಟು ಬೇರೆ ಏನೂ ಇದ್ದ ಹಾಗೆ ಕಾಣಲಿಲ್ಲ. ಬಟ್ಟೆ ಒಣಗಿತ್ತು. ಬೆಳಗಿನಿಂದ ಒದ್ದೆಯೇ ಆಗಿರಲಿಲ್ಲ.

ಈ ಮಾತನ್ನು ನಾನು ಅಜ್ಜಿಗೆ ಹೇಳಲಿಲ್ಲ. ಮೊದಲ ಸಲ ಒಂದು ಸಂಗತಿ ಒಳಗೆ ಇಟ್ಟುಕೊಂಡೆ.

ಅದೇ ವಾರ ನಮ್ಮ ಕೊಟ್ಟಿಗೆಯಲ್ಲಿ ಕಪಿಲೆ ಅನ್ನುವ ಹಸು ಕರು ಹಾಕಿತು. ಅವ್ವ ಅದರ ಮುಂದೆ ಬಾನಿಯಲ್ಲಿ ನೀರು ಇಟ್ಟಳು. ಹಸು ಮೂತಿ ಮುಳುಗಿಸಿ ತಳದ ತನಕ ಹೀರಿತು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಗದರಿದಳು.

“ಅಷ್ಟೇನಾ ಇಡೋದು? ಇನ್ನೊಂದು ಕೊಡ ಹುಯ್ಯಿ. ಈದ ಹಸೀಗೆ ನೀರು ಕಮ್ಮಿ ಮಾಡಿದ್ರೆ ಹಾಲು ಎಲ್ಲಿಂದ ಬರ್ತದೆ?”

ನಾನು ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದೆ.

“ಮತ್ತೆ ಅತ್ತೆಗೆ ಯಾಕಜ್ಜಿ ಕೊಡಲ್ಲ?”

ಇದರಲ್ಲಿ ಜಾಣತನ ಏನೂ ಇಲ್ಲ. ಕಣ್ಣೆದುರಿಗಿದ್ದದ್ದನ್ನು ಕೇಳಿದೆ. ಅಜ್ಜಿ ಬಂದು ಕೆನ್ನೆಗೆ ಹೊಡೆದಳು. ಕೈಯಲ್ಲಿ ಮಗು ಇದ್ದದ್ದರಿಂದ ಮೆಲ್ಲಗೇ ಹೊಡೆದಳು.

“ಹಸು ಬ್ಯಾರೆ, ಹೆಂಗಸು ಬ್ಯಾರೆ. ಬಾಯ್ಮುಚ್ಕೊಂಡು ಬಾಗ್ಲಲ್ಲಿ ಕೂತ್ಕೊ ಹೋಗು.”

ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಜ್ಜಿ ಹೊಲಕ್ಕೆ ಹೋದಳು. ಆಗ ಅವ್ವ ಬಂದಳು. ನಮ್ಮವ್ವ ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ, ಆವತ್ತೂ ಗಟ್ಟಿಯಾಗಿ ಮಾತಾಡಲಿಲ್ಲ. ಕೈಯಲ್ಲಿ ದೊಡ್ಡ ಚೆಂಬು. ಕಾಯಿಸಿ ಆರಿಸಿದ ನೀರು, ಬಾಯಿಯ ತನಕ. ಅದನ್ನು ಚಾಪೆಯ ಪಕ್ಕ ಇಟ್ಟಳು.

“ಒಳಗೆ ತಗೊಂಡೋಗಿ ಕೊಡು. ಖಾಲಿ ಆದ್ರೆ ಮತ್ತೆ ತಗೊ, ಒಲೆ ಪಕ್ಕ ಐತೆ.”

“ಅಜ್ಜಿ ಕೇಳಿದ್ರೆ?”

“ಇಲ್ಲ ಅನ್ನು.”

“ಸುಳ್ಳಾಯ್ತದಲ್ಲವ್ವ.”

“ಆಗ್ಲಿ.”

ಗೌರತ್ತೆ ಚೆಂಬನ್ನು ನೋಡಿದಳು, ನನ್ನನ್ನು ನೋಡಿದಳು, ಕೈ ಚಾಚಲಿಲ್ಲ.

“ಇದ್ನೂ ಹೇಳ್ತೀಯಾ?”

“ಇಲ್ಲ ಅತ್ತೆ.”

“ಆಣೆ?”

“ಮಗೀನ ಮೇಲೆ ಆಣೆ.”

“ಅದರ ಮೇಲೆ ಬ್ಯಾಡ. ನಿನ್ ಮೇಲೆ ಇಡು.”

ಇಟ್ಟೆ. ಅವಳು ಎರಡೂ ಕೈಯಲ್ಲಿ ಚೆಂಬು ಹಿಡಿದು ಎತ್ತಿದಳು. ಇಳಿಸಲೇ ಇಲ್ಲ. ನೀರು ಗಲ್ಲದ ಮೇಲೆ, ಕತ್ತಿನ ಮೇಲೆ ಸುರಿದು ರವಿಕೆ ನೆನೆಯಿತು. ಖಾಲಿ ಮಾಡಿ ಇನ್ನೊಂದು ಕೇಳಿದಳು. ತಂದುಕೊಟ್ಟೆ. ಅದನ್ನೂ ಕುಡಿದು ಮಲಗಿದಳು. ನಾನು ಸಂಜೆಯ ತನಕ ಅವಳ ಹೊಟ್ಟೆ ನೋಡುತ್ತಾ ಕೂತೆ, ಈಗ ಊದಿಕೊಳ್ಳುತ್ತದೆ, ಈಗ ಊದಿಕೊಳ್ಳುತ್ತದೆ ಅಂತ. ಊದಿಕೊಳ್ಳಲಿಲ್ಲ. ಸಂಜೆ ಅಜ್ಜಿ ಬಂದು ಎಲ್ಲಾ ಸರಿಯಾಗಿತ್ತಾ ಅಂದಳು. ಸರಿಯಾಗಿತ್ತು ಅಂದೆ. ಹೂಂ ಅಂದು ಕೈಕಾಲು ತೊಳೆಯಲು ಹೋದಳು.

ದಿನಕ್ಕೆ ಆರು ಚೆಂಬು, ಏಳು ಚೆಂಬು ಒಳಗೆ ಹೋಯಿತು. ನಾಲ್ಕನೇ ದಿನ ಅವ್ವ ಹಿತ್ತಿಲಲ್ಲಿ ಮಗುವಿನ ಬಟ್ಟೆ ಹರವುತ್ತಾ, ಇವತ್ತು ಐದು ಒದ್ದೆ ಮಾಡ್ದ ಅಂದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಹದಿನೈದು ದಿನದಲ್ಲಿ ಮಗು ಮತ್ತೆ ಅರಚಲು ಕಲಿಯಿತು. ಅಜ್ಜಿ ಬಂದವರಿಗೆಲ್ಲ ಅಯ್ಯನವರ ವಿಭೂತಿಯ ಮಹಿಮೆ ಹೇಳಿದಳು. ನಾನು ಪಕ್ಕದಲ್ಲೇ ಕೂತು ಕೇಳಿದೆ. ಬಾಯಿ ಬಿಡಲಿಲ್ಲ. ಆ ಮಗು ಮಲ್ಲೇಶ. ಈಗ ಕುಣಿಗಲ್‌ನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದಾನೆ, ಮಂಡಿ ನೋವು ಬಿಟ್ಟರೆ ಆರೋಗ್ಯವಾಗಿದ್ದಾನೆ.

ಸಹನಾ ಕೇಳಿದ್ದಕ್ಕೆ ಉತ್ತರ ಇಲ್ಲಿದೆ, ನೇರವಾಗಿ ಬರೆಯುತ್ತೇನೆ. ಹಾಲು ಬಂತು, ಮನಸ್ಸು ಬರಲಿಲ್ಲ. ಗೌರತ್ತೆ ಮಗುವಿಗೆ ಹಾಲು ಕೊಡುತ್ತಿದ್ದದ್ದು ರೊಟ್ಟಿ ಬಡಿಯುವ ಹಾಗೆ, ಆಗಬೇಕಾದ ಕೆಲಸ ಅಂತ. ಹೊತ್ತಿಗೆ ಸರಿಯಾಗಿ ಕೊಟ್ಟಳು, ಬಟ್ಟೆ ಬದಲಿಸಿದಳು, ನೊಣ ಓಡಿಸಿದಳು. ಮುದ್ದಿಸಲಿಲ್ಲ. ನೀರು ಕುಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಮುಂದೆ ನಾನು ಚೊಚ್ಚಲ ಹೆತ್ತು ಅದೇ ಕೋಣೆಯಲ್ಲಿ ಮಲಗಿದ್ದಾಗ ಅವಳು ಕುಣಿಗಲ್‌ನಿಂದ ನೋಡಲು ಬಂದಳು. ಬೇರೆ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

“ಅತ್ತೆ, ನಂಗೆ ಇವ್ನ ನೋಡಿದ್ರೆ ಏನೂ ಅನ್ನಿಸ್ತಿಲ್ಲ. ನಿದ್ದೆ ಬರ್ತದೆ ಅಷ್ಟೆ.”

“ಮಲಕ್ಕೊ ಮತ್ತೆ. ನಾನ್ ಇಟ್ಕೊಂಡಿರ್ತೀನಿ.”

“ನಿಂಗೆ ಯಾವಾಗ ಅನ್ನಿಸ್ತು?”

“ಮಲ್ಲೇಶಂಗೆ ಒಂದೂವರೆ ವರ್ಷ ಆಗಿತ್ತು ಕಣೆ. ರಾಗಿ ಚೀಲದ ಹಿಂದೆ ಅವಿತ್ಕೊಂಡು ಬೆಲ್ಲ ತಿಂತಿದ್ದ. ನಾನು ನೋಡ್ದೆ. ನನ್ನ ನೋಡಿ, ಬಾಯಲ್ಲಿದ್ದ ಬೆಲ್ಲ ತೆಗೆದು ನನ್ ಕಡೆ ಚಾಚ್ದ. ಅವತ್ತು ಅನ್ನಿಸ್ತು, ಇವ್ನು ನನ್ನೋನು ಅಂತ. ಅಲ್ಲಿಗಂಟ ಸಾಕ್ದೆ. ಸಾಕಿದ್ರೆ ಸಾಕು ಬುಡು, ಮನಸಿಲ್ಲ ಅನ್ನೋದು ಮಗೀಗೆ ಗೊತ್ತಾಗಲ್ಲ.”

ನನಗೆ ಮನಸ್ಸು ಬರಲು ಅಷ್ಟು ದಿನ ಬೇಕಾಗಲಿಲ್ಲ, ಮೂರು ತಿಂಗಳಿಗೆ ಬಂತು. ಆ ಮಗುವೇ ಸಹನಾಳ ಅಪ್ಪ. ಮೊನ್ನೆ ಊಟಕ್ಕೆ ಕೂತಾಗ ಇದನ್ನು ಅವನಿಗೆ ಹೇಳಿದೆ. ಈಗಲಾದ್ರೂ ಅನ್ಸುತ್ತೇನವ್ವ ಅಂದ. ದಿನ ಬಿಟ್ಟು ದಿನ ಅಂದೆ. ಪ್ರೇಮಾ ಕೂಡ ನಕ್ಕಳು.

ಇನ್ನು ಗೌರತ್ತೆಯ ವಿಷಯ. ಐದು ತಿಂಗಳು ತುಂಬಿದ ಮೇಲೆ ಮಾವ, ಅಂದರೆ ಅವಳ ಗಂಡ, ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದರು. ಸೀರೆ, ತೊಟ್ಟಿಲು, ಕೊಬ್ಬರಿ ಎಲ್ಲ ಕೊಟ್ಟು ಕಳಿಸಿದರು. ಹೊಸಿಲು ದಾಟುವಾಗ ಗೌರತ್ತೆ ಅಜ್ಜಿಯ ಕಾಲಿಗೆ ಬಿದ್ದು ಎದ್ದು, ಎಲ್ಲರ ಎದುರಿಗೆ ಹೇಳಿದಳು.

“ಇನ್ನೊಂದಾದ್ರೆ ನಾನು ಇಲ್ಲಿಗೆ ಬರಲ್ಲವ್ವ.”

ಅಜ್ಜಿ ಅದನ್ನು ನಗುವಿನಲ್ಲಿ ತೇಲಿಸಿದಳು, ಬಾಯಿಗೆ ಬಂದದ್ದು ಆಡ್ತಾಳೆ ಅಂತ. ಆದರೆ ಎರಡು ವರ್ಷಕ್ಕೆ ಗೌರತ್ತೆ ಮತ್ತೆ ಬಸುರಿಯಾದಾಗ ಅಪ್ಪ ಕರೆಯಲು ಹೋಗಿ ಒಬ್ಬರೇ ವಾಪಸು ಬಂದರು. ಬರಲ್ಲ ಅಂದ್ಲು ಅಂದರು. ಮಗಳು ಹೆರಿಗೆಗೆ ತವರು ಬೇಡ ಅಂದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಹೆಂಗಸರು ಜಗುಲಿಗೆ ಬಂದು ಕೂತು ಬೇರೆ ಮಾತು ಆಡುತ್ತಾ ಅದನ್ನೇ ಕೇಳಿ ಹೋಗುತ್ತಿದ್ದರು. ಅಜ್ಜಿ ಮಂಕಾದಳು. ಒಂದು ದಿನ ಹುಣಸೆಹಣ್ಣು ಕುಟ್ಟುತ್ತಾ ಇದ್ದವಳು ಕೈ ನಿಲ್ಲಿಸಿ ನನ್ನನ್ನು ಕೇಳಿದಳು.

“ಶಿವಿ, ನೀನು ಅವಳ ಜೊತೆ ಕೂತಿದ್ದೋಳು. ಯಾಕಂತೆ ಬರಲ್ಲ?”

“ನೀರು ಕೊಡ್ಲಿಲ್ಲವಲ್ಲ. ಅದಕ್ಕೆ.”

ಹೊಡೆಯುತ್ತಾಳೆ ಅಂತ ಸ್ವಲ್ಪ ಹಿಂದೆ ಸರಿದು ಕೂತೆ. ಹೊಡೆಯಲಿಲ್ಲ.

“ನೀವೆಲ್ಲ ಹೆತ್ತಾಗ ನೀರು ಕುಡೀದೇನೇ ಇದ್ರಾ ಅಜ್ಜಿ?” ಅಂದೆ.

“ಯಾವಳು ಇರ್ತಾಳೆ?” ಅಂದಳು. “ನಿಮ್ಮಪ್ಪನ್ನ ಹೆತ್ತಾಗ ನಾನು ದನದ ಬಾನೀಲಿ ಕುಡುದಿದ್ದೆ. ನಿಮ್ಮವ್ವ ಬಚ್ಚಲ ಹಂಡೇಲಿ ಕುಡೀತಿದ್ಲು. ನಾನೇ ಬಾಗ್ಲಲ್ಲಿ ಕೂತಿದ್ದೆ. ಸದ್ದು ಕೇಳ್ತಿತ್ತು, ನೂಲ್ತಾ ಇದ್ದೆ.”

“ಮತ್ತೆ ಅತ್ತೆಗ್ಯಾಕೆ ಬೈದೆ?”

“ಆ ಹೆಂಗಸ್ರ ಮುಂದೆ ಹೇಳ್ಬುಟ್ಯಲ್ಲೇ ನೀನು. ಬೈಯ್ದೆ ಏನ್ಮಾಡ್ಲಿ? ಆಮೇಲೂ ಹೆಂಗಾದ್ರೂ ಕುಡೀತಾಳೆ ಅಂದ್ಕೊಂಡಿದ್ದೆ. ನೀನು ಹಂಗೆ ಕಲ್ಲು ನೆಟ್ಟಂಗೆ ಕೂತಿರ್ತೀಯ ಅಂತ ನಂಗೇನು ಗೊತ್ತು?”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಇದೆ. ಮನೆಯಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದು ಒಂದು, ನನಗೆ ಹೇಳಿದ್ದು ಇನ್ನೊಂದು. ಬಾಗಿಲಲ್ಲಿ ಕೂರುವವರು ಕಾಯಬಾರದು, ಕಾಯುವ ಹಾಗೆ ಇರಬೇಕು ಅನ್ನುವುದನ್ನು ಯಾರೂ ನನಗೆ ಹೇಳಲಿಲ್ಲ, ಏಕೆಂದರೆ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಹತ್ತು ವರ್ಷದ ನಾನು ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡಿದೆ. ಒಂದು ಮಗು ಸಾಯುವುದರಲ್ಲಿತ್ತು. ಆವತ್ತಿನಿಂದ ಹೆರಿಗೆ, ಬಾಣಂತನ, ಮಗು ಈ ವಿಷಯದಲ್ಲಿ ನಾನು ಯಾರ ಮುಖ ನೋಡಿಯೂ ಮಾತು ತಡೆದವಳಲ್ಲ. ಒರಟು ಅಂತ ಹೆಸರು ಬಂದಿದೆ, ಬರಲಿ. ಪ್ರೇಮಾಳ ಬಾಣಂತನದಲ್ಲಿ ಅವಳ ತಲೆದಿಂಬಿನ ಹತ್ತಿರ ಮೊದಲು ಇಟ್ಟದ್ದು ಒಂದು ಕೊಡ ನೀರು.

ಗೌರತ್ತೆಗೆ ದಿನ ತುಂಬಿದಾಗ ಅಜ್ಜಿ ಒಂದು ಗಂಟು ಕಟ್ಟಿಕೊಂಡು ತಾನೇ ಕುಣಿಗಲ್‌ಗೆ ಹೋದಳು. ಮಗಳ ಅತ್ತೆಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ನಿಂತವಳಲ್ಲ, ಈ ಸಲ ಹನ್ನೊಂದು ದಿನ ಇದ್ದಳು. ಬಂದ ಮೇಲೆ ಹೆಣ್ಣುಮಗು, ಮೂಗು ನಮ್ಮ ಕಡೆಯದು ಅಂತ ಹೇಳಿದಳು. ಅಲ್ಲಿ ಏನು ಮಾಡಿದೆ ಅಂತ ಕೇಳಿದೆ.

“ಏನ್ಮಾಡೋದು. ಬಾಗ್ಲಲ್ಲಿ ಕೂತಿದ್ದೆ.”

“ಅತ್ತೆಗೆ ನೀರು ಕೊಟ್ಯಾ?”

“ನಾನ್ಯಾಕೆ ಕೊಡ್ಲಿ. ಕೊಡ ಅಲ್ಲೇ ಇತ್ತು. ನಾನು ಬೀದಿ ಕಡೆ ಮುಖ ಮಾಡ್ಕೊಂಡು ಕೂತಿದ್ದೆ.”

ಅಷ್ಟು ಹೇಳಿ ಗಂಟು ಬಿಚ್ಚಿ ಸೀರೆ ಮಡಿಸಿಡಲು ಹೋದಳು. ಕೊಡವನ್ನು ಅಲ್ಲಿ ತಂದಿಟ್ಟವರು ಯಾರು ಅಂತ ಮುಂದೆ ಒಂದು ಸಲ ಗೌರತ್ತೆಯನ್ನು ಕೇಳಿದೆ. ಅಜ್ಜಿಯೇ, ದಿನಾ ಬೆಳಿಗ್ಗೆ ಅಂದಳು. ಮಗಳ ಕೈಗೆ ಎತ್ತಿ ಕೊಡಲು ಮಾತ್ರ ಅವಳಿಗೆ ಆಗಲಿಲ್ಲ.